ಅಕ್ಕಿ ಚೀಲದೊಳಗಿನ ಫೋನು

ಗೆಳೆಯರೇ, ಇವತ್ತು ರಾಯಚೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೂತಿದ್ದೆ. ಇಲ್ಲಿ ಒಬ್ಬರನ್ನು ನೋಡುವಾಗ ಮುಂದಿನ ಸರದಿಯವರೂ ಒಳಗೇ ಇರುತ್ತಾರೆ. ಹಾಗಾಗಿ ಎಲ್ಲವೂ ಕಿವಿಗೆ ಬಿತ್ತು.

ನನಗಿಂತ ಮುಂಚಿನ ಸರದಿ ದೇವದುರ್ಗದ ಗಂಡ ಹೆಂಡತಿಯದು. ಆಕೆ ಬ್ಲೌಸ್ ಹೊಲಿಯುತ್ತಾಳೆ, ಗಿರಾಕಿಗಳು ಡಿಸೈನು ಕಳಿಸುವುದು ಫೋನಿಗೆ. ಆಕೆಗೆ ಕಣ್ಣುರಿ ಶುರುವಾದ ದಿನವೇ ಗಂಡ ಫೋನು ಕಸಿದು ಅಕ್ಕಿ ಚೀಲದಲ್ಲಿ ಹುಗಿದಿಟ್ಟಿದ್ದಾನೆ.

"ಫೋನ್ ನೀರಾಗ ಬಿದ್ರ ಅಕ್ಕಿ ಹೀರ್ಕೊಂತದಲ್ರಿ ಸಾಹೇಬ್ರ, ಹಂಗ ರೇಡಿಯೇಷನ್ನೂ ಹೀರ್ತದ" ಎಂದ. ರೈಸ್ ಮಿಲ್ಲಿನಲ್ಲಿ ದುಡಿಯುವವನಿಗೆ ಅಕ್ಕಿಯ ಮೇಲೆ ಭಾರೀ ನಂಬಿಕೆ.

ಡಾಕ್ಟರು ನಗಲಿಲ್ಲ. "ರೇಡಿಯೇಷನ್ನಿಂದ ಕಣ್ಣು ಕೆಡ್ತಾವಂತ ಗಟ್ಟಿ ಪುರಾವೆ ಇಲ್ಲಪ್ಪ. ರೆಪ್ಪಿ ಬಡೀದಂಗ ನೋಡಿ ಕಣ್ಣು ಒಣಗ್ಯಾವ. ನಡುನಡುವೆ ದೂರ ನೋಡ್ಬೇಕು, ಅಷ್ಟ."

"ಆದ್ರೂ ಫೋನ್ ಕೊಡಂಗಿಲ್ರಿ."

ಆಕೆ ಗಂಡನ ಕಡೆ ತಿರುಗಿದಳು. "ನಾಕು ದಿನದಿಂದ ಅದೇ ಚೀಲದ ಅಕ್ಕಿ ಕುದಿಸಿ ನಿಮಗ ಹಾಕಾಕತ್ತೀನಿ. ನಾ ಬರೇ ರೊಟ್ಟಿ ತಿಂದೀನಿ. ಅಕ್ಕಿ ಹೀರಿದ್ದು ಖರೇ ಇದ್ರ ಅಷ್ಟೂ ನಿಮ್ಮ ಹೊಟ್ಟ್ಯಾಗ ಅದ. ಕುಂದರ್ರಿ ಕುರ್ಚಿ ಮ್ಯಾಲ, ಮೊದ್ಲು ನಿಮ್ಮ ಕಣ್ಣು ತೋರಿಸ್ರಿ. ಇಲ್ಲಾಂದ್ರ ನನ್ನ ಫೋನ್ ಕೊಡ್ರಿ."

ಡಾಕ್ಟರು ಟಾರ್ಚ್ ಎತ್ತಿಕೊಂಡರು.

"ಮನಿಗೆ ಹೋಗಿ ಕೊಡ್ತೀನಿ ನಡೀಬೇ" ಎಂದು ಆತ ಬಾಗಿಲ ಕಡೆ ಹೊರಟ.

ಬೆಳಿಗ್ಗೆ ನಾನೂ ಕಣ್ಣಿಗೆ ದೂರವಿರಲೆಂದು ಫೋನನ್ನು ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಇಳಿಸಿಕೊಂಡೇ ಮನೆ ಬಿಟ್ಟಿದ್ದೆ. ಈಗ ಅದನ್ನು ಹೊರಗೆ ತೆಗೆದು ಇದನ್ನು ಬರೆಯುತ್ತಿದ್ದೇನೆ. ರೆಪ್ಪೆ ಬಡಿಯುತ್ತ.