ಮೂರು ಗಂಟೆಯ ಗುಂಗುರು

ನನ್ನ ಕೂದಲು ಹುಟ್ಟಿನಿಂದಲೇ ನೇರ. ಐವತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಗುಂಗುರು ಮಾಡಿಸಿಕೊಂಡೆನೆಂದು ಹುಬ್ಬಳ್ಳಿಯ ಅಕ್ಕ ಇಂದಿಗೂ ಹಣೆ ಚಚ್ಚಿಕೊಳ್ಳುತ್ತಾಳೆ. ಚಂದಕ್ಕೆಂದು ಮಾಡಿಸಿಕೊಂಡದ್ದಲ್ಲ ಎಂದು ಅವಳಿಗೆ ಹೇಳಿಲ್ಲ.

ಬ್ಯಾಂಕಿನವರು ನನ್ನನ್ನು ವಿಜಯವಾಡದಿಂದ ಗಾಜುವಾಕಕ್ಕೆ ವರ್ಗ ಮಾಡಿದ್ದರು. ವಿಜಯವಾಡದಲ್ಲಿ ಎದುರು ಮನೆಯಲ್ಲಿ ಕನ್ನಡದವರೊಬ್ಬರಿದ್ದರು, ಜಗಳವಾಡಲಿಕ್ಕಾದರೂ. ಇಲ್ಲಿ ದಿನವಿಡೀ ಕೌಂಟರಿನಲ್ಲಿ ತೆಲುಗು, ಬಾಡಿಗೆ ಮನೆಗೆ ಬಂದರೆ ಫ್ಯಾನಿನ ಸದ್ದು. ಒಂಟಿತನ ಎಂಬ ಮಾತೇ ನನಗೆ ಆಗುತ್ತಿರಲಿಲ್ಲ; ಆದರೆ ನನ್ನನ್ನು ತಿನ್ನುತ್ತಿದ್ದುದು ಅದೇ.

ಒಂದು ಭಾನುವಾರ ಕೂದಲ ತುದಿ ಕತ್ತರಿಸಿಕೊಳ್ಳಲು ಪಾರ್ಲರಿಗೆ ಹೋದಾಗ, ನಾನು ಫೋನಿನಲ್ಲಿ ಅಕ್ಕನೊಡನೆ ಮಾತಾಡುವುದನ್ನು ಕೇಳಿ ಪಾರ್ಲರಿನಾಕೆ ಕತ್ತರಿ ನಿಲ್ಲಿಸಿದಳು.

"ನಮ್ಮಪ್ಪ ಬಳ್ಳಾರಿಯಿಂದ ಫ್ಯಾಕ್ಟರಿ ಕೆಲಸಕ್ಕೆ ಇಲ್ಲಿಗೆ ಬಂದಿದ್ರಂಡಿ. ಅಮ್ಮ ಹೋದ್ಮೇಲೆ ನನ್ಗೆ ಕನ್ನಡ ಮಾತಾಡಾಕೆ ಯಾರೂ ಇಲ್ಲ," ಎಂದಳು, ನಮ್ಮ 'ರೀ'ಯ ಜಾಗದಲ್ಲಿ ತೆಲುಗಿನ 'ಅಂಡಿ' ಸೇರಿಸಿ.

ಕತ್ತರಿಯ ಕೆಲಸ ಹತ್ತೇ ನಿಮಿಷ. ಎದ್ದು ಹೋಗಲು ಮನಸ್ಸಾಗದೆ ಗೋಡೆಯ ಮೇಲಿನ ಗುಂಗುರು ಕೂದಲಿನ ಚಿತ್ರಗಳನ್ನು ತೋರಿಸಿ ಕೇಳಿದೆ. ಮದ್ದು ಹಚ್ಚಿ ಗುಂಗುರು ಮಾಡುವ 'ಪರ್ಮ್'ನ ಬಗೆಗಳನ್ನು ಅವಳು ವಿವರಿಸಿದಳು. ದಪ್ಪ ಕಡ್ಡಿಗೆ ಸುತ್ತಿದರೆ ಬರೀ ಅಲೆ, ಸಣ್ಣದಕ್ಕೆ ಸುತ್ತಿದರೆ ಬಿಗಿ ಗುಂಗುರು. ಯಂತ್ರದಿಂದ ಶಾಖ ಕೊಡುವುದು ಡಿಜಿಟಲ್ ಪರ್ಮ್, ಎಳೆ ಎಳೆಯಾಗಿ ಉದ್ದಕ್ಕೆ ಸುತ್ತುವುದು ಸ್ಪೈರಲ್.

"ಯಾವುದಕ್ಕ ಭಾಳ ಹೊತ್ತು ಹಿಡೀತದ?"

"ಸ್ಪೈರಲ್‌ಗೆ. ಮೂರು ಗಂಟೆ ಆಗ್ತದಂಡಿ."

"ಅದನ್ನ ಮಾಡ್ರಿ."

ಆ ಭಾನುವಾರ ಮದ್ದಿನ ಕಟು ವಾಸನೆಗೆ ಕಣ್ಣೊರೆಸಿಕೊಳ್ಳುತ್ತ ಮೂರು ಗಂಟೆ ಮಾತಾಡಿದೆವು. ಅವಳು ಮರೆತ ಪದಕ್ಕೆ ತೆಲುಗು ಸೇರಿಸುತ್ತಿದ್ದಳು, ನಾನು ಕನ್ನಡ ಹೇಳಿಕೊಡುತ್ತಿದ್ದೆ. ಹೊರಡುವಾಗ ಒಂದೇ ಎಚ್ಚರಿಕೆ ಕೊಟ್ಟಳು: ಎರಡು ದಿನ ತಲೆಗೆ ಎಣ್ಣೆ, ನೀರು ಸೋಕಬಾರದು. ಹಾಗೆ ನೋಡಿಕೊಂಡರೆ ಆರು ತಿಂಗಳು ಇತ್ತ ಬರುವ ಅಗತ್ಯವೇ ಇಲ್ಲ.

ಆರು ತಿಂಗಳು! ಮರುದಿನ ಬೆಳಗ್ಗೆಯೇ ಎಣ್ಣೆ ಹಚ್ಚಿ, ಸೀಗೆಕಾಯಿ ಉಜ್ಜಿ, ಬಿಸಿಬಿಸಿ ನೀರು ಹೊಯ್ದುಕೊಂಡೆ. ಗುಂಗುರು ಅರ್ಧಕ್ಕರ್ಧ ಬಿಚ್ಚಿಕೊಂಡಿತು. ಸಂಜೆ ಬ್ಯಾಂಕಿನಿಂದ ನೇರ ಪಾರ್ಲರಿಗೆ ಹೋದೆ.

"ಎಣ್ಣೀ ನೀರಿನ ರೂಢಿ ನೋಡ್ರಿ, ಮರತೇಬಿಟ್ಟೆ," ಎಂದೆ.

ಅವಳು ನನ್ನ ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ನೋಡಿದಳು. "ನಮ್ಮಮ್ಮನೂ ಎಣ್ಣೆ ನೀರು ಹಾಕ್ಕೊಳ್ಳೋಳು. ಶುಕ್ರವಾರ. ಇವತ್ತು ಸೋಮವಾರ ಅಲ್ವಾ ಅಂಡಿ?"

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

"ಈಗ್ಲೇ ಮತ್ತೆ ಮಾಡಿದ್ರೆ ಕೂದ್ಲು ಸುಟ್ಟೋಗ್ತದೆ. ನಾನು ಮಾಡಲ್ಲ," ಎಂದಳು.

ನಾನು ಚೀಲ ಎತ್ತಿಕೊಂಡೆ. ಅವಳು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದಳು.

"ಸುಮ್ನೆ ಕೂತ್ಕೊಳ್ಳಿ, ಮಾತಾಡೋಣ."