ಮಾಸ್ತರರ ಕಾರು, ನನ್ನ ಹೊಟ್ಟೆಕಿಚ್ಚು

ಮಾಸ್ತರರ ಉಗುರುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಎಂಜಿನ್ನಿನ ತಲೆ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ ಎದ್ದರೂ ಅವರ ಹತ್ತು ಬೆರಳುಗಳು ಆಗತಾನೇ ಊಟಕ್ಕೆ ತೊಳೆದು ಬಂದ ಹಾಗೆ ಇರುತ್ತಿದ್ದವು. ನಾನು ಹದಿನಾರಕ್ಕೇ ಗ್ಯಾರೇಜಿನಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದವನು. ನನ್ನ ಉಗುರಿನ ಸಂದಿಯ ಕರಿ ಮದುವೆಯ ಅರಿಷಿಣಕ್ಕೂ ಜಗ್ಗಿರಲಿಲ್ಲ. ಅವರೋ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಪಾನಾ ಮುಟ್ಟಿದ್ದೇ ನಲವತ್ತು ದಾಟಿದ ಮೇಲೆ. ಆ ಕೈ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅವರಿಲ್ಲ, ಒಳ್ಳೆಯ ಮಾತನ್ನೇ ಆಡಬೇಕು. ಆಡುತ್ತೇನೆ. ಆದರೆ ಹೊಟ್ಟೆಕಿಚ್ಚು ಬಿಟ್ಟು ಅವರನ್ನು ನೆನೆಯಲು ನನಗೆ ಬರುವುದಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಸವಣೂರಿನಲ್ಲಿ ನಮ್ಮದೊಂದು ಗ್ಯಾರೇಜು, ಅಪ್ಪ ಕಟ್ಟಿದ್ದು. ಲಾರಿ, ಟ್ರ್ಯಾಕ್ಟರು, ಬಾಡಿಗೆ ಕಾರು, ಯಾವುದು ಕೆಟ್ಟರೂ ನಮ್ಮ ಬಾಗಿಲಿಗೆ ಬರಬೇಕಿತ್ತು. ಮಾಸ್ತರರ ಮನೆ ಹಿಂದಿನ ಓಣಿಯಲ್ಲಿ, ಮಠದ ಹತ್ತಿರ. ತಲೆಮಾರುಗಳಿಂದ ಶಾಸ್ತ್ರ ಓದಿಕೊಂಡು ಬಂದ ಮನೆತನ. ಅವರ ತಮ್ಮ ಕುವೈತಿನಲ್ಲಿ ಎಂಜಿನಿಯರ್ ಆಗಿದ್ದ. ಊರಲ್ಲೇ ನೆಲೆಸುತ್ತೇನೆಂದು ಹಡಗಿನಲ್ಲಿ ಒಂದು ಜಪಾನಿ ಕಾರು ಹೇರಿಕೊಂಡು ಬಂದ. ಆರು ತಿಂಗಳಿಗೇ ಮನಸ್ಸು ಬದಲಾಗಿ, ಕಾರನ್ನು ಅಣ್ಣನ ಹಿತ್ತಲಲ್ಲಿ ಬಿಟ್ಟು ತಿರುಗಿ ಹೊರಟುಹೋದ. ಅದು ಟರ್ಬೊ ಕಾರು. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸಕ್ಕೇ ಒಂದು ಸಣ್ಣ ಪಂಖ ತಿರುಗುತ್ತದೆ, ಅದು ಎಂಜಿನ್ನಿಗೆ ಇನ್ನಷ್ಟು ಗಾಳಿ ಊದುತ್ತದೆ, ಗಾಡಿ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಸುತ್ತಿದರೂ ಅಂಥ ಇನ್ನೊಂದು ಗಾಡಿ ಇರಲಿಲ್ಲ.

ಕೆಟ್ಟರೆ ನನ್ನ ಹತ್ತಿರವೇ ಬರಬೇಕಲ್ಲ ಎಂದು ಕಾದು ಕುಳಿತೆ. ಬರಲಿಲ್ಲ. ಮಾಸ್ತರರು ಅದರ ರಿಪೇರಿ ಪುಸ್ತಕವನ್ನು ತಮ್ಮನಿಂದ ತರಿಸಿಕೊಂಡು, ಬೇಸಿಗೆ ರಜೆಯಲ್ಲಿ ಗೆರೆ ಹಾಕಿ ಹಾಕಿ ಓದಿ, ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯಲ್ಲಿ ತಾವೇ ಬಿಚ್ಚಲು ಕುಳಿತರು. ನಮ್ಮ ಪೆಟ್ರೋಲು ಆ ಎಂಜಿನ್ನಿಗೆ ಒಗ್ಗದೆ ಏರಿನಲ್ಲಿ ಕಟಕಟ ಬಡಿಯುತ್ತಿತ್ತು. ಎಂಜಿನ್ನಿನ ತಲೆಯ ಕೆಳಗೆ, ಸಂದಿ ಮುಚ್ಚುವಲ್ಲಿ, ದಪ್ಪ ಗ್ಯಾಸ್ಕೆಟ್ ಹಾಕಿ ಒತ್ತಡ ಇಳಿಸಬೇಕೆಂದು ಲೆಕ್ಕ ಮಾಡಿ, ಬಚ್ಚಲಿನ ತೂತು ಬಿದ್ದ ತಾಮ್ರದ ಹಂಡೆಯನ್ನೇ ಕತ್ತರಿಸಿ, ತಟ್ಟಿಸಿ, ಅಳತೆಗೆ ಕೊರೆದು ಕೂಡಿಸಿದರು.

"ನೀರ್ ಕಾಸೋ ಹಂಡೇನೂ ಬಿಡಲಿಲ್ಲಲ್ಲೋ ನೀ," ಎಂದು ಅವರ ತಾಯಿ ಒಂದು ವಾರ ಬೈದರು.

ಮೊದಲ ದಿನವೇ ಗ್ಯಾಸ್ಕೆಟ್ ಹಾರಿಹೋಗುತ್ತದೆ ನೋಡ್ರಿ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಹಾರಲಿಲ್ಲ. ಕಟಕಟವೂ ನಿಂತಿತು. ಆಮೇಲೆ ನಮ್ಮ ರಸ್ತೆಯ ಧೂಳು ತಡೆಯಲು ಅವರಿಗೆ ಟ್ರ್ಯಾಕ್ಟರಿನ ಏರ್ ಫಿಲ್ಟರ್ ಬೇಕಾಯಿತು. ನಮ್ಮ ಗುಜರಿಯಲ್ಲಿದ್ದ ಒಂದನ್ನು ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟ.

ನಿಜವಾದ ಉರಿ ಶುರುವಾದದ್ದು ಅಲ್ಲಿಂದ. ಅಪ್ಪ ದಿನಾ ಸಂಜೆ ತಿನ್ನಲು ಒಂದು ಪೊಟ್ಟಣ ಸೇವು-ಖಾರಾ ಹಿಡಿದುಕೊಂಡು ಮಾಸ್ತರರ ಹಿತ್ತಲಿಗೆ ಹೋಗಲಾರಂಭಿಸಿದ. ಹನ್ನೆರಡು ವರ್ಷ ಅವನ ಕೈಕೆಳಗೆ ದುಡಿದ ನನಗೆ ಒಂದು ದಿನ ಶಾಬಾಸ್ ಅಂದವನಲ್ಲ. ಮಾಸ್ತರರ ಹಂಡೆಯ ಗ್ಯಾಸ್ಕೆಟ್ಟನ್ನು ಮಾತ್ರ ಬಂದ ಗಿರಾಕಿಗಳಿಗೆಲ್ಲ ವರ್ಣಿಸುತ್ತಿದ್ದ. ಭಾನುವಾರ ಇಬ್ಬರೂ ಕಾರಿನಲ್ಲಿ ಹುಲಗೂರಿನ ತನಕ ಹೋಗಿ ಬರುತ್ತಿದ್ದರು. ಅರಬರ ನಾಡಿನ ಗಾಡಿ, ಸ್ಟೇರಿಂಗು ಎಡಕ್ಕೆ. ಬಲಗಡೆ ಕುಳಿತ ಅಪ್ಪನೇ ಹೊಡೆಯುತ್ತಿದ್ದಾನೆ ಎಂದು ದಾರಿಯ ಜನ ತಿಳಿದುಕೊಳ್ಳುತ್ತಿದ್ದರು. ಅಪ್ಪನೂ ಅಲ್ಲವೆನ್ನದೆ ಗಂಭೀರವಾಗಿ ರಸ್ತೆ ನೋಡುತ್ತ ಕೂಡುತ್ತಿದ್ದ. "ಏನ್ ಗಾಡಿ ಹೊಡಿತಾನೋ ನಿಮ್ಮಪ್ಪ!" ಎಂದು ವೀಳ್ಯದೆಲೆ ತೋಟದ ಆಳುಗಳು ನನಗೆ ಹೇಳಿದಾಗ ನಗಲೋ ಅಳಲೋ ತಿಳಿಯಲಿಲ್ಲ.

ತಡೆಯಲಾರದೆ ಒಂದು ಸಂಜೆ ನಾನೂ ಹೋದೆ. ಮಾಸ್ತರರು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಇನ್ನೊಂದು ಒಗೆದ ಪಂಚೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಟರ್ಬೊದ ಭಾಗಗಳನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸಿದ್ದರು. ನಡುವೆ ಪಂಖ ತಿರುಗಿಸುವ, ಕಿರುಬೆರಳಿಗಿಂತ ತೆಳ್ಳನೆಯ ಶಾಫ್ಟು. ಕೈ ಚಾಚಿದೆ.

"ಹಾಂ ಹಾಂ, ಮುಟ್ಟಬ್ಯಾಡ್ರಿ ಮಿಸ್ತ್ರಿ!"

ಮಡಿ ಅಂದುಕೊಂಡೆ. ನಾನು ಮುಟ್ಟಿದರೆ ಕಬ್ಬಿಣಕ್ಕೂ ಮೈಲಿಗೆಯೇ? ಅಲ್ಲಿಂದ ಎದ್ದು ಬಂದು ಅಪ್ಪನೆದುರು ಕೂಗಾಡಿದೆ.

"ಅವರವ್ವಗೂ ಮುಟ್ಟಾಕ ಬಿಡೂದಿಲ್ಲೋ," ಎಂದ ಅಪ್ಪ. "ಒಂದ್ ಕಾಳ್ ಉಸುಕು ಹೊಕ್ರ ಮುಗೀತಂತ. ನಿನ್ನ ಕೈ ನೋಡ್ಕೊ ಒಮ್ಮೆ."

ನೋಡಿಕೊಂಡೆ. ಸಿಟ್ಟು ಇಳಿಯಲಿಲ್ಲ, ಏರಿತು.

ಮಾಸ್ತರರಿಗೆ ಇನ್ನೊಂದು ಅಭ್ಯಾಸವಿತ್ತು. ಎಲ್ಲಿಂದ ಬಂದರೂ ಮನೆಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಕಣ್ಣು ಮುಚ್ಚಿ ಬೆರಳ ಗೆರೆ ಎಣಿಸುತ್ತ ಕೂಡುತ್ತಿದ್ದರು. ಮೂವತ್ತೆರಡು ಗಾಯತ್ರಿ ಮುಗಿದ ಮೇಲೆಯೇ ಕೀಲಿ ತಿರುವುವುದು. ಗಡಿಯಾರ ನೋಡಿದರೂ ಆಗುತ್ತಿತ್ತು. ಅವರಿಗೆ ಇದೇ ರೂಢಿ. ಮಾಸ್ತರ್ರು ಕಾರಿಗೂ ಸಂಧ್ಯಾವಂದನಿ ಮಾಡಸಾಕತ್ತಾರ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನನಗೆ ಅದು ಬರೀ ಡೌಲು ಅನಿಸಿತ್ತು. ನಮ್ಮ ಗ್ಯಾರೇಜಿನಲ್ಲಿ ಗಾಡಿ ನಿಂತಿತೋ ಎಂಜಿನ್ ನಿಲ್ಲಬೇಕು. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡಿ ಹಾಗೇ ಉರುಳಿಸಬೇಕು. ಪೆಟ್ರೋಲು, ಡೀಸೆಲ್ಲು ಉಳಿಸುವ ಈ ಪಾಠ ನನಗೆ ಕಲಿಸಿದ್ದು ಅಪ್ಪನೇ, ತಪ್ಪಿದಾಗ ತಲೆಗೆ ಕೊಟ್ಟೂ ಕಲಿಸಿದ್ದ.

ಒಂದು ಸಲ ಮಾಸ್ತರರು ಜ್ವರದಿಂದ ಮಲಗಿದರು. ಚಿಕ್ಕೇರೂರಿನಲ್ಲಿ ಅವರ ಅಕ್ಕನ ಮೊಮ್ಮಗನ ಮುಂಜಿವೆ, ತಾಯಿಯನ್ನು ಮುಟ್ಟಿಸಲೇಬೇಕು. ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಬಂದ್ ಮಾಡೋಕಿಂತ ಮೊದಲು ಮೂರ್ ನಿಮಿಷ ಹಂಗ ಚಾಲೂ ಬಿಡ್ರಿ. ಇಷ್ಟು ಮರೀಬ್ಯಾಡ್ರಿ."

ಅಪ್ಪನೂ ಜೊತೆಗೆ ಹೊರಟ. ಹೋಗುವಾಗ ಮುದುಕಿ ಹಿಂದೆ ಕುಳಿತಿದ್ದರಿಂದ ಮೆಲ್ಲಗೆ ಹೋದೆ, ಹೇಳಿದಂತೆ ನಿಲ್ಲಿಸಿದೆ. ಮುದುಕಿ ಮಗಳ ಮನೆಯಲ್ಲೇ ಉಳಿದರು, ತಿರುಗಿ ಬರುವಾಗ ಕಾರಿನಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಚಿಕ್ಕೇರೂರು ದಾಟಿ ಕಾಲೊತ್ತಿದೆ. ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಯಾರೋ ಬೆನ್ನಿಗೆ ಕೈ ಹಚ್ಚಿ ನೂಕಿದ ಹಾಗೆ ಕಾರು ಹಾರಿತು. ಅಂಥ ಸುಖವನ್ನು ನಾನು ಕಂಡಿರಲಿಲ್ಲ. ಈ ಸುಖ ವಾರವಾರ ಮಾಸ್ತರರದೇ ಎಂದು ನೆನಪಾದ ಕೂಡಲೇ ಇನ್ನೂ ಒತ್ತಿದೆ.

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಪರಿಚಯದ ನಾಲ್ಕು ಮಂದಿ ಮಿಸ್ತ್ರಿಗಳು ಚಹಾ ಕುಡಿಯುತ್ತ ನಿಂತಿದ್ದರು. ಗಕ್ಕನೆ ನಿಲ್ಲಿಸಿದೆ. ಕೀಲಿಗೆ ಕೈ ಹಾಕಿದೆ.

"ತಡಿಯೋ ಒಂದ್ ಸ್ವಲ್ಪ," ಎಂದ ಅಪ್ಪ. "ಮಾಸ್ತರ್ರು ಹಂಗ ಮಾಡೂದಿಲ್ಲ."

ನನಗೆ ಹೊಡೆದು ಕಲಿಸಿದ ಪಾಠವನ್ನು ಅಪ್ಪ ಅವರಿಗಾಗಿ ಮರೆತಿದ್ದ! ಆ ನಾಲ್ವರ ಮುಂದೆ ಮಾಸ್ತರರ ಶಿಷ್ಯನ ಹಾಗೆ ಕಣ್ಣು ಮುಚ್ಚಿ ಕೂಡಬೇಕೇ ನಾನು? ಕೀಲಿ ತಿರುವಿದೆ. ಬಂಕಾಪುರದಲ್ಲೂ ಹಾಗೇ ಮಾಡಿದೆ, ಅಲ್ಲಿ ಯಾರೂ ನೋಡುವವರಿರಲಿಲ್ಲ, ಆದರೂ ಮಾಡಿದೆ. ಸವಣೂರಿನ ತನಕ ಓಡಿಸಿಕೊಂಡು ಬಂದು ಮಾಸ್ತರರ ಬಾಗಿಲಲ್ಲೂ ಹಾಗೇ ಮಾಡಿದೆ.

ತಿಂಗಳು ತುಂಬುವುದರೊಳಗೆ ಕಾರು ನೀಲಿ ಹೊಗೆ ಬಿಡಲಾರಂಭಿಸಿತು, ಟರ್ಬೊ ಕುಯ್ ಎಂದು ಅಳತೊಡಗಿತು. ಒಂದು ಭಾನುವಾರ ಮಾಸ್ತರರು ಬಿಚ್ಚಿದರು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ನನಗೂ ಹೇಳಿ ಕಳಿಸಿದ್ದರು. ಶಾಫ್ಟಿನ ಮೇಲೆ ಎಣ್ಣೆ ಸೀದು ಕರಿ ಹೆಪ್ಪುಗಟ್ಟಿತ್ತು. ಓಡಿ ಕೆಂಡವಾದ ಪಂಖದ ಶಾಫ್ಟಿಗೆ ತಣಿಯುವ ತನಕ ಎಣ್ಣೆ ಹರಿಯುತ್ತಿರಬೇಕು. ಎಂಜಿನ್ ನಿಂತರೆ ಎಣ್ಣೆಯೂ ನಿಂತು ಅಲ್ಲೇ ಸುಡುತ್ತದೆ. ಆ ಮೂರು ನಿಮಿಷ ಇರುವುದೇ ಅದಕ್ಕೆ. ಅದು ನನಗೆ ಹೊಳೆದದ್ದು ಆ ಕರಿಯನ್ನು ನೋಡಿದ ಮೇಲೆ.

"ಅವತ್ತು ಚಾಲೂ ಬಿಟ್ಟಿದ್ರಲ್ರಿ, ಮಿಸ್ತ್ರಿ?"

"ಬಿಟ್ಟಿದ್ದೆ," ಎಂದೆ.

ಅಪ್ಪ ನನ್ನ ಕಡೆ ನೋಡಿದ. ಮಾಸ್ತರರು ಅಪ್ಪನ ಕಡೆ ನೋಡಿದರು. ಆಮೇಲೆ ತಲೆ ಬಗ್ಗಿಸಿ ಶಾಫ್ಟನ್ನು ಒರೆಸುತ್ತ, "ಹಂಗಾದ್ರ ನಾ ಹಾಕಿದ ಎಣ್ಣೀನ ಹಳೇದಾಗಿರಬೇಕು. ನಂದ ತಪ್ಪು," ಎಂದರು.

ಅಪ್ಪ ಎದ್ದು ಮನೆಗೆ ಹೋದ. ಮರುದಿನದಿಂದ ಆ ಹಿತ್ತಲಿನ ಕಡೆ ಕಾಲಿಡಲಿಲ್ಲ. ಸಂಜೆ ಗ್ಯಾರೇಜಿನಲ್ಲೇ ಒಂದು ಟೈರಿನ ಮೇಲೆ ಕೂಡುತ್ತಿದ್ದ. ನಾನು ಬೇಡಿದ್ದು ಅದೇ ಆಗಿತ್ತು, ಅಪ್ಪ ನನ್ನ ಹತ್ತಿರ ಇರಬೇಕು. ಇದ್ದ. ಮಾತೇ ಇರಲಿಲ್ಲ, ಅಷ್ಟೇ. ಬಾಯಿ ಬಿಟ್ಟು ಬೈದಿದ್ದರೆ ಉಂಡ ಅನ್ನವಾದರೂ ಅರಗುತ್ತಿತ್ತು.

ನಾಲ್ಕು ತಿಂಗಳ ಮೇಲೆ ಕುವೈತಿನಿಂದ ರಜೆಗೆ ಬಂದ ಮಾಸ್ತರರ ತಮ್ಮ ಹೊಸ ಟರ್ಬೊ ತಂದ. ಮಾಸ್ತರರು ನನ್ನನ್ನು ಕರೆಸಿ, ಸಾಬೂನು, ಒಂದು ಬಕೀಟು ಬಿಸಿನೀರು ಕೊಟ್ಟು ಮೊಣಕೈ ತನಕ ತೊಳೆದುಕೊಳ್ಳಲು ಹೇಳಿ, "ನೀವ ಕೂಡಸ್ರಿ," ಎಂದರು. ಪಂಚೆಯ ಮೇಲಿಂದ ಅದನ್ನು ಎತ್ತಿಕೊಂಡೆ.

"ಅವತ್ತು ಸುಳ್ಳು ಹೇಳಿದ್ನಿರಿ," ಎಂದೆ. "ಮೂರ್ ಕಡೆನೂ ಬೇಕಂತನ ಬಂದ್ ಮಾಡಿದೆ."

"ಗೊತ್ತಿತ್ರಿ. ನಿಮ್ಮಪ್ಪನ ಮಾರಿ ನೋಡಿದ ಕೂಡ್ಲೆ ಗೊತ್ತಾತು."

"ಮತ್ತ ಯಾಕ್ ಅನ್ನಲಿಲ್ರಿ?"

"ನಾ ಇನ್ನೊಂದು ಮಾತು ಕೇಳಿದ್ರ ಅವರು ಖರೇ ಹೇಳಬೇಕಾಗ್ತಿತ್ತು. ಮಗನ ಮ್ಯಾಲೆ ಅಪ್ಪನ ಕಡೆಯಿಂದ ಸಾಕ್ಷಿ ಹೇಳಸೂದು ನನಗ ಬ್ಯಾಡಾಗಿತ್ತು." ಒಂದು ಪಾನಾ ನನ್ನ ಕಡೆ ಸರಿಸಿ ಹೇಳಿದರು: "ದಿನಾ ಇಲ್ಲೇ ಕುಂತು ನಿಮ್ಮ ಸುದ್ದೀನ ಹೇಳ್ತಿದ್ರು. ನನ್ನ ಮಗ ರಸ್ತೆದಾಗ ಲಾರಿ ಬರೋ ಸಪ್ಪಳ ಕೇಳೇ ಯಾವ ಬೇರಿಂಗ್ ಹೋಗೇತಿ ಅಂತಾನ್ರಿ, ನನಗೂ ಬರೂದಿಲ್ಲ ಆ ಕಿವಿ ಅಂತ. ನಾ ಪುಸ್ತಕ ನೋಡಿ ಮಾಡಾಂವ. ಕೇಳಿ ಕೇಳಿ ನನ್ನ ಹೊಟ್ಟಿ ಉರೀತಿತ್ತು, ಖರೇ ಹೇಳ್ತೇನಿ."

ಆ ಸಂಜೆ ಮನೆಗೆ ಹೋಗಿ ಅಪ್ಪನಿಗೆ, "ಮಾಸ್ತರ್ರ ಮುಂದ ಖರೇ ಹೇಳಿ ಬಂದೆ," ಎಂದೆ. ಅಪ್ಪ ಹೂಂ ಎಂದ. ಎರಡು ದಿನ ಬಿಟ್ಟು ಖಾರಾದ ಪೊಟ್ಟಣ ಹಿಡಿದುಕೊಂಡು ಹಿಂದಿನ ಓಣಿಗೆ ಹೊರಟ. ನನ್ನ ಕಿವಿಯ ಮಾತನ್ನು ಸಾಯುವ ತನಕ ನನ್ನೆದುರು ಆಡಲಿಲ್ಲ. ನಾನೂ ಕೇಳಲಿಲ್ಲ, ಕೇಳಿ ಹೇಳಿಸಿಕೊಂಡರೆ ಅದಕ್ಕೇನು ರುಚಿ.

ಅಪ್ಪ ಹೋದ ಎಷ್ಟೋ ವರ್ಷಗಳ ಮೇಲೆ ಮಾಸ್ತರರೂ ಹೋದರು. ಗ್ಯಾರೇಜು ಬಂದ್ ಮಾಡಿ, ಮಸಣದ ತನಕ ಹೋಗಿ ಅವರನ್ನು ಕಳಿಸಿ ಬಂದೆ. ಅವರು ಹೇಳದಿದ್ದರೆ ಅಪ್ಪನ ಮನಸ್ಸಿನಲ್ಲಿ ನಾನೇನಾಗಿದ್ದೆ ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಆ ಋಣ ದೊಡ್ಡದು, ಒಪ್ಪುತ್ತೇನೆ. ಆದರೂ ಅಪ್ಪನ ಬಾಯಿಂದ ಆ ಮಾತನ್ನು ದಿನಾ ಸಂಜೆ ಕೇಳಿದವರು ಅವರು, ನಾನಲ್ಲ.