ಕೆನಡಾದ ಕಥೆಯ ಕೊನೆ ಹುಡುಕಿ ಗ್ರಾಂಟ್ ರೋಡಿಗೆ

ಗದಗಿನಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಸೀರೆ, ಅವಲಕ್ಕಿ ಡಬ್ಬಿ ಮತ್ತು ಅರ್ಧ ಪತ್ರಿಕೆ ಇದ್ದವು. ಮುಂಬಯಿಯಿಂದ ಪದ್ಮಾ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಕಳುಹಿಸಿದ್ದ ಗಾಜಿನ ಲೋಟಗಳಿಗೆ ಸುತ್ತಿ ಬಂದದ್ದು ಅದು. ಕೆನಡಾದ ಪತ್ರಿಕೆ. ಅದರಲ್ಲಿದ್ದ ಒಂದು ಹೊಸ ಕಥೆ ನನ್ನನ್ನು ಹಿಡಿದು ಕೂರಿಸಿತ್ತು. ಗಂಡ ಮರ ಕಡಿಯಲು ದೂರದ ಕಾಡಿಗೆ ಹೋಗಿದ್ದಾನೆ, ಕಿಟಕಿಯವರೆಗೆ ಹಿಮ ಬಿದ್ದಿದೆ. ಜಗಳವಾಡಿ ಮಾತು ಬಿಟ್ಟ ನೆರೆಯವಳ ಮನೆಯ ದೀಪವೊಂದೇ ಕಾಣುತ್ತಿದೆ. ಹೆಂಗಸು ಸಲಿಕೆ ಹಿಡಿದು ಬಾಗಿಲು ತೆರೆಯುತ್ತಾಳೆ. ಅಲ್ಲಿಗೆ ನನ್ನ ಬಳಿಯಿದ್ದ ಹಾಳೆಗಳು ಮುಗಿದಿದ್ದವು.

ಅಲ್ಲಿಯವರೆಗೆ ಕನ್ನಡಕ್ಕೆ ಮಾಡಿ ಕೂತಿದ್ದೆ. "ಕೊನೆ ಸಿಗದಿದ್ದರೆ ನೀವೇ ಬರೆದುಬಿಡಿ, ಯಾರು ನೋಡುತ್ತಾರೆ" ಎಂದು ವಾರಪತ್ರಿಕೆಯ ಸಂಪಾದಕರು ಕಾಗದ ಹಾಕಿದರು. ಎರಡು ಹಾಳೆ ಬರೆದೂ ಬಿಟ್ಟೆ: ಹೆಂಗಸು ಹಿಮದಲ್ಲಿ ಸಾಯುತ್ತಾಳೆ. ನಾನು ಪಾಠ ಹೇಳುವ ಕಾಲೇಜಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ವಿಷಯ ಕೇಳಿಯೇ ನಕ್ಕರು. "ಕೆನಡಾದಾಗ ಗೋಧಿ ಬೆಳೀತಾರ್ರೀ ಮೇಡಂ, ಸಾಹಿತ್ಯ ಅಲ್ಲ." ನನಗೆ ಮೈಯೆಲ್ಲ ಉರಿಯಿತು. ನನ್ನ ಸುಳ್ಳು ಕೊನೆ ಹಚ್ಚಿ ಅಚ್ಚಿಗೆ ಕೊಟ್ಟರೆ ಅವರನ್ನೇ ಗೆಲ್ಲಿಸಿದಂತೆ. ದಸರೆ ರಜೆ ಬಂದದ್ದೇ ರೈಲು ಹತ್ತಿದೆ.

ಮೀರಜಿನಲ್ಲಿ ಗಾಡಿ ಬದಲಿಸಿ ಮರುದಿನ ಬೆಳಿಗ್ಗೆ ದಾದರಿನಲ್ಲಿ ಇಳಿದೆ. ಕುರ್ಲಾದಲ್ಲಿ ಮತ್ತೆ ಲೋಕಲ್ ಬದಲಿಸಿ ಚೆಂಬೂರು ಮುಟ್ಟಿದಾಗ ಬೆವರಿಗೆ ಸೀರೆ ಬೆನ್ನಿಗಂಟಿತ್ತು. ಮೈಸೂರು ಕಡೆಯವರಾದ ವೈನಿ ಬಿಸಿ ಉಪ್ಪಿಟ್ಟು ಕೊಟ್ಟು, ನಾನು ಬಂದ ಕಾರಣ ಕೇಳಿ ಹಣೆ ಚಚ್ಚಿಕೊಂಡರು.

"ಮಹಡಿ ಮನೆಯವರ ಮಗ ಟೊರಾಂಟೋದಿಂದ ಕಳಿಸೋದು ಅವು. ಅರ್ಧ ಹರಿದು ಲೋಟ ಸುತ್ತಿದೆ. ಉಳಿದದ್ದನ್ನೆಲ್ಲ ರದ್ದಿಯವನಿಗೆ ಹಾಕ್ಬಿಟ್ಟೆ ಕಣೇ ಶಾರದಾ."

ಚೆಂಬೂರು ಸ್ಟೇಷನ್ ಪಕ್ಕದ ಆ ರದ್ದಿಯಂಗಡಿಯವನು, ಇಂಗ್ಲಿಷ್ ಪತ್ರಿಕೆಗಳೆಲ್ಲ ಗ್ರಾಂಟ್ ರೋಡಿನ ದೊಡ್ಡ ಅಂಗಡಿಗೆ ಹೋಗುತ್ತವೆ ಎಂದು ವಿಳಾಸ ಹೇಳಿದ. ಮರುದಿನ ಅಲ್ಲಿಗೆ ಹೋದೆ. ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಅಂಗಡಿ ಹೊಕ್ಕರೆ, ಸೂರಿನವರೆಗೆ ಕಾಗದ. ಮಾಲೀಕ ತಲೆ ಎತ್ತದೆ "ಅಂದರ್ ದೇಖೋ" ಎಂದ. ಒಳಗೊಬ್ಬಳು ಹಾಳೆ ವಿಂಗಡಿಸುತ್ತ, ರಾಶಿಯ ಮೇಲೆ ಮಲಗಿದ್ದ ಬೆಕ್ಕಿಗೆ "ಏಳ ಅತ್ತಾಗ" ಎಂದು ಗದರುತ್ತಿದ್ದಳು. ನಮ್ಮ ಕಡೆಯ ಮಾತು ಕೇಳಿದ್ದೇ ನನಗೆ ಧೈರ್ಯ ಬಂತು. ಮುದ್ದೇಬಿಹಾಳದ ಶಾಂತವ್ವ ಆಕೆ. ನನ್ನ ಅರ್ಧ ಪತ್ರಿಕೆ ತೋರಿಸಿ, ಉಳಿದರ್ಧ ಬಂದಿದೆಯೇ ಎಂದು ಕೇಳಿದೆ.

"ಅಂಥಾ ನುಣ್ಣನ ಹಾಳಿ ಶೇಂಗಾ ಪುಡಿಕಿ ಕಟ್ಟಾಕ ಬರೂದಿಲ್ರಿ ಅಕ್ಕಾರ. ಮಡಚಿದ್ರ ಬಿಚ್ಚಕೋತಾವ. ಯಾರೂ ಒಯ್ಯೂದಿಲ್ಲ, ಮೂಲ್ಯಾಗ ಬಿದ್ದಿರತಾವ."

ಇಬ್ಬರೂ ಮೂಲೆ ಕೆದಕತೊಡಗಿದೆವು. ಇಷ್ಟು ದೂರ ಬರುವಂಥದ್ದು ಅದರಲ್ಲೇನಿದೆ ಎಂದು ಆಕೆ ಕೇಳಿದಳು. ಸಲಿಕೆಯವರೆಗೆ ಕಥೆ ಹೇಳಿ, "ಆಮ್ಯಾಲೆ ಹಿಮದಾಗ ಸತ್ತಿರಬೇಕು" ಎಂದೆ. ಆಕೆಯ ಕೈ ನಿಂತಿತು.

"ಸಲಿಕಿ ಹಿಡದಾಕಿ ಸಾಯಾಕ ಹೋಗತಾಳೇನ್ರಿ? ಸಾಯೂದಾದ್ರ ಬರಿಗೈಲೆ ಹೋಗತಿದ್ಲು. ನಾ ನಾಕು ವರ್ಷ ರಸ್ತೆ ಕೆಲಸ ಮಾಡೀನಿ. ಆಕಿ ದಾರಿ ಮಾಡಾಕ ಹೊಂಟಾಳ."

ಎಂ.ಎ. ಓದಿದ ನಾನು ಇನ್ನೊಂದು ರಾಶಿ ಎಳೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಹರಿದ ಅರ್ಧ ಪತ್ರಿಕೆ ಸಿಕ್ಕಿತು. ನನ್ನ ಅರ್ಧಕ್ಕೆ ಜೋಡಿಸಿದೆ, ಹರುಕು ಹರುಕಿಗೆ ಕೂಡಿತು. ನಿಂತಲ್ಲೇ ಓದುತ್ತ ಶಾಂತವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಹೆಂಗಸು ಸಂಜೆಯವರೆಗೆ ಹಿಮ ತೋಡಿ ನೆರೆಯವಳ ಬಾಗಿಲು ತಲುಪುತ್ತಾಳೆ. ಬಾಗಿಲು ತೆರೆದವಳ ಕೈಗೆ ಸಲಿಕೆ ಕೊಟ್ಟು, "ಇಲ್ಲಿವರೆಗೆ ನಾನು ಬಂದೆ. ಹೆದ್ದಾರಿವರೆಗೆ ಇನ್ನು ನಿನ್ನ ಪಾಳಿ" ಎನ್ನುತ್ತಾಳೆ. ಶಾಂತವ್ವ ಬಿದ್ದು ಬಿದ್ದು ನಕ್ಕಳು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಅದೇ ಮೂಲೆಯಲ್ಲಿ ಆ ಪತ್ರಿಕೆಯ ಇನ್ನೂ ಹನ್ನೊಂದು ಸಂಚಿಕೆ ಸಿಕ್ಕವು. ಮೀನುಗಾರರು, ಗಣಿಯವರು, ಹಡಗು ಹತ್ತಿ ಬಂದು ಊರು ಕಟ್ಟಿದವರು, ನನ್ನ ವಯಸ್ಸಿನ ಹೆಂಗಸರು ಬರೆದ ಪದ್ಯಗಳು. ಪುಡಿಕೆಗೆ ಬಾರದೆ ಉಳಿದ ಒಂದು ದೇಶದ ಸಾಹಿತ್ಯ. ಹೊರಡುವಾಗ, ಅರ್ಧ ಪತ್ರಿಕೆಯೊಳಗೆ ಇಟ್ಟು ತಂದಿದ್ದ ನನ್ನ ಸುಳ್ಳು ಕೊನೆಯ ಎರಡು ಹಾಳೆಗಳನ್ನು ಶಾಂತವ್ವನಿಗೆ ಕೊಟ್ಟೆ. ಆಕೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

"ಇದು ಚಲೋ ಹಾಳಿ ಐತ್ರಿ. ಶೇಂಗಾ ಕಟ್ಟಾಕ ಬರತೈತಿ."

ಗದಗಿನಲ್ಲಿ ಇಳಿದವಳು ನೇರ ಮುಖ್ಯಸ್ಥರ ಮನೆಗೇ ಜಟಕಾ ಹೊಡೆಸಿದೆ. ಅವರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಕೊಂಡು ತಂದ ಪತ್ರಿಕೆಗಳ ಗಂಟನ್ನು ಅವರ ಮುಂದೆ ಇಟ್ಟು ಬಿಚ್ಚಿದೆ.

"ಕೆನಡಾದಾಗ ಈ ಸಲ ಗೋಧಿ ಭಾಳ ಚಲೋ ಬೆಳದದರೀ ಸರ್" ಎಂದೆ.